ತಳಿಯ ಹೆಸರು, ನಾಯಿಯ ಗುಣ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಒಂದು ವೀರಗಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949–50. ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯ ಬಿದ್ದು, ರಾಷ್ಟ್ರಕೂಟರ ಮೂರನೇ ಕೃಷ್ಣ ಗೆದ್ದ ಹೊತ್ತು ಅದು. ಗಂಗರ ದೊರೆ ಬೂತುಗ ಕೃಷ್ಣನ ಪಕ್ಷದಲ್ಲಿದ್ದ. ಬೂತುಗನ ಕಡೆಯ ಮಣಲೇರ ಎಂಬ ವೀರನ ಸಾಹಸಕ್ಕೆ ಒಡೆಯ ಮೆಚ್ಚಿ, ಬೇಕಾದ್ದು ಕೇಳೆಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳ್ತೂರಿನ ಪಡುವಣ ಗುಡ್ಡದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ನಾಯಿ, ಹಂದಿ ಎರಡೂ ಸೆಣಸಿ ಸತ್ತವು. ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ ಹಂದಿಗಳ ಸೆಣಸಾಟವನ್ನು ಕೆತ್ತಿದ್ದಾರೆ.

ಕಾಳಿ ಯಾವ ತಳಿಯದು ಎಂಬ ಮಾತು ಶಾಸನದಲ್ಲಿಲ್ಲ. ಅದರ ಬಣ್ಣ, ಎತ್ತರ, ತಾಯಿತಂದೆಯ ವಿವರವೂ ಇಲ್ಲ. ಇರುವುದು ಅದರ ಹೆಸರು, ಅದು ಮಾಡಿದ ಕೆಲಸ. ಮಣಲೇರ ಆ ನಾಯಿಯನ್ನು ಮೊದಲೇ ಕಣ್ಣಾರೆ ಕಂಡಿರಬೇಕು. ಅದಕ್ಕೇ ಹೆಸರು ಹಿಡಿದು ಕೇಳಿದ.

ಇವತ್ತು ನಾಯಿ ಸಾಕಹೊರಟವರ ಮೊದಲ ಪ್ರಶ್ನೆಯೇ ತಳಿಯದು. ಲ್ಯಾಬ್ರಡಾರ್ ಸಾಧು, ರಾಟ್‌ವೈಲರ್ ಸಿಡುಕು, ಬೀಗಲ್ ತುಂಟ, ಪಗ್ ಸೋಮಾರಿ ಎಂದು ಗುಣದ ಪಟ್ಟಿ ಎಲ್ಲರ ಬಾಯಲ್ಲೂ ಸಿದ್ಧವಾಗಿದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಅದಕ್ಕೆ ಬೆಂಬಲ. ಆದರೆ ಗುಣವನ್ನು ತಳಿಯ ಹೆಸರಿಗೆ ಗಂಟುಹಾಕುವ ಈ ರೂಢಿ ಬಹಳ ಹಳೆಯದಲ್ಲ. ಅದಕ್ಕೆ ಹೆಚ್ಚೆಂದರೆ ನೂರೈವತ್ತು, ನೂರಾ ಅರವತ್ತು ವರ್ಷದ ಪ್ರಾಯ. ಅದಕ್ಕೂ ಮುಂಚೆ ನಾಯಿಯನ್ನು ಗುರುತಿಸುತ್ತಿದ್ದದ್ದು ಅದರ ಕಸುಬಿನಿಂದ.

ಹಾಗೆ ಕಸುಬಿನಿಂದಲೇ ನಾಯಿಗಳನ್ನು ವಿಂಗಡಿಸಿದ ಪುಸ್ತಕವೊಂದಿದೆ. ಕೇಂಬ್ರಿಜ್‌ನ ವೈದ್ಯ ಜಾನ್ ಕೀಸ್ ತನ್ನ ಗೆಳೆಯ, ಜ್ಯೂರಿಕ್‌ನ ನಿಸರ್ಗಪಂಡಿತ ಕೊನ್ರಾಡ್ ಗೆಸ್ನರ್‌ಗಾಗಿ ಇಂಗ್ಲೆಂಡಿನ ನಾಯಿಗಳ ಬಗ್ಗೆ ಲ್ಯಾಟಿನ್‌ನಲ್ಲಿ ಬರೆದದ್ದು 1570ರಲ್ಲಿ ಪುಸ್ತಕವಾಯಿತು. 1576ರಲ್ಲಿ ಇಂಗ್ಲಿಷಿಗೂ ಬಂತು. ವಾಸನೆ ಹಿಡಿದು ಬೇಟೆಯಾಡುವ ನಾಯಿ, ಕಣ್ಣಿಂದ ಕಂಡು ಅಟ್ಟುವ ನಾಯಿ, ನೀರಿಗಿಳಿದು ಹಕ್ಕಿ ತರುವ ನಾಯಿ, ಮನೆ ಕಾಯುವ ನಾಯಿ, ಕುರಿಯ ನಾಯಿ, ಕೊನೆಗೆ ಅಡುಗೆಮನೆಯಲ್ಲಿ ಗಾಲಿಯೊಳಗೆ ನಡೆದು ಮಾಂಸ ಸುಡುವ ಸಲಾಕೆಯನ್ನು ತಿರುಗಿಸುವ ನಾಯಿ. ಪ್ರತಿಯೊಂದರ ಸ್ವಭಾವವನ್ನೂ ಆತ ಅದರ ದುಡಿಮೆಯಿಂದಲೇ ವಿವರಿಸುತ್ತಾನೆ. ಇಂಗ್ಲೆಂಡಿನ ಕುರಿನಾಯಿ ಯಾಕೆ ದೈತ್ಯಗಾತ್ರದ್ದಲ್ಲ ಎಂಬುದಕ್ಕೆ ಅವನು ಕೊಡುವ ಕಾರಣ ಒಂದೇ: ಅಲ್ಲಿ ತೋಳಗಳಿಲ್ಲ.

ಈ ಒಂದು ಕಾರಣ ಎಷ್ಟು ದೂರ ಹೋಗುತ್ತದೆ ನೋಡಿ. ತೋಳ ಇನ್ನೂ ಇರುವ ಕೊಪ್ಪಳ, ಗದಗ, ಬಾಗಲಕೋಟೆಯ ಬಯಲುಸೀಮೆಯಲ್ಲಿ ಕುರುಬರ ಹಿಂಡಿನ ಜೊತೆ ಹೋಗುವ ನಾಯಿಗೆ ಕುರಿಯನ್ನು ಅಟ್ಟಿ ತರುವ ಕೆಲಸ ಇಲ್ಲ. ಅದನ್ನು ಕುರುಬನೇ ಕೂಗು ಹಾಕಿ, ಕೋಲು ಆಡಿಸಿ ಮಾಡಿಕೊಳ್ಳುತ್ತಾನೆ. ಹೊಲದಲ್ಲಿ ಕುರಿ ತರುಬಿದ ರಾತ್ರಿ ನಾಯಿಗಳು ಹಿಂಡಿನ ಸುತ್ತ ಒಂದೊಂದು ಮೂಲೆ ಹಿಡಿದು ಮಲಗುತ್ತವೆ. ಕತ್ತಲಲ್ಲಿ ಏನಾದರೂ ಅಲುಗಿದರೆ ಒಂದು ಬೊಗಳುತ್ತದೆ, ಉಳಿದವು ಆ ದಿಕ್ಕಿಗೆ ನುಗ್ಗುತ್ತವೆ. ಕುರಿಯ ಕಡೆ ಕಣ್ಣೆತ್ತಿ ನೋಡದಿರುವುದೇ ಅಲ್ಲಿ ಒಳ್ಳೆಯ ನಾಯಿಯ ಲಕ್ಷಣ. ಮರಿಯನ್ನು ಅಟ್ಟಿಕೊಂಡು ಹೋಗುವ ನಾಯಿ ಆ ಹಿಂಡಿನಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ಟರ್ಕಿಯ ಕಂಗಾಲ್, ಅಕ್‌ಬಾಶ್ ನಾಯಿಗಳದ್ದೂ ಇದೇ ಕಾವಲಿನ ಕಸುಬು. ತೋಳವಿರುವ ನಾಡಿನಲ್ಲಿ ಹಿಂಡನ್ನು ಕಾಯುತ್ತ ಬೆಳೆದ ಜೀವಗಳು ಅವು.

ತೋಳ ಅಳಿದ ಬ್ರಿಟನ್ನಿನಲ್ಲಿ ಕುರಿನಾಯಿಗೆ ಬೇರೆಯೇ ಕೆಲಸ ಹುಟ್ಟಿತು. ಇಂಗ್ಲೆಂಡ್, ಸ್ಕಾಟ್ಲೆಂಡ್ ಗಡಿಯ ಗುಡ್ಡಗಳಲ್ಲಿ ಕುರಿಗಳು ಕಾವಲಿಲ್ಲದೆ ಮೈಲುಗಟ್ಟಲೆ ಹರಡಿ ಮೇಯುತ್ತಿದ್ದವು. ಅವನ್ನು ಒಬ್ಬನೇ ಮನುಷ್ಯ ಕೆಳಗಿಳಿಸಬೇಕಾದರೆ ಕಣ್ಣಿಗೆ ಕಾಣದಷ್ಟು ದೂರ ಹೋಗಿ ಒಟ್ಟುಮಾಡಿ ತರುವ, ಆದರೆ ಕಚ್ಚದ ನಾಯಿ ಬೇಕಿತ್ತು. ಗಬ್ಬದ ಕುರಿಯನ್ನು ನಾಯಿ ಕಚ್ಚಿದರೆ, ಬೆದರಿಸಿ ಓಡಿಸಿದರೆ ಕುರುಬನ ವರ್ಷದ ಗಳಿಕೆಯೇ ಹೋದಂತೆ.

1873ರಲ್ಲಿ ಆ ದೇಶದಲ್ಲಿ ಎರಡು ಘಟನೆ ನಡೆದವು. ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಸ್ಥಾಪನೆಯಾಯಿತು. ಅಕ್ಟೋಬರ್‌ನಲ್ಲಿ ವೇಲ್ಸ್‌ನ ಬಾಲಾ ಎಂಬ ಊರಲ್ಲಿ ರಿಚರ್ಡ್ ಲಾಯ್ಡ್ ಪ್ರೈಸ್ ಎಂಬ ಜಮೀನುದಾರ ಕುರಿನಾಯಿಗಳ ಸ್ಪರ್ಧೆ ಏರ್ಪಡಿಸಿದ. ಗೆದ್ದದ್ದು ವೇಲ್ಸ್‌ನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನ ಜೇಮ್ಸ್ ಥಾಮ್ಸನ್. ಅವನ ನಾಯಿಯ ಹೆಸರು ಟ್ವೀಡ್. ಲಂಡನ್ನಿನವರು ನಾಯಿಯ ವಂಶಾವಳಿ ಬರೆದಿಡಲು, ಅದರ ಕಿವಿ, ಬಾಲ, ಮೈಕಟ್ಟು ಹೇಗಿರಬೇಕೆಂದು ತೀರ್ಮಾನಿಸಲು ಕೂತರು. ಬಾಲಾದಲ್ಲಿ ಸೇರಿದವರು ನಾಯಿ ಕುರಿಯನ್ನು ಹೇಗೆ ತರುತ್ತದೆಂದು ನೋಡಿದರು. ನಾಯಿಯನ್ನು ಅಳೆಯುವ ಎರಡು ದಾರಿ ಒಂದೇ ವರ್ಷ ಹೀಗೆ ಕವಲೊಡೆದವು.

ಎರಡನೆಯ ದಾರಿಯಲ್ಲಿ ನಡೆದವರಲ್ಲಿ ಆಡಮ್ ಟೆಲ್ಫರ್ ಹೆಸರು ದೊಡ್ಡದು. ನಾರ್ಥಂಬರ್‌ಲ್ಯಾಂಡಿನ ಕುರಿಗಾರ. ಅವನ ಬಳಿ ರಾಯ್ ಎಂಬ ಗಂಡುನಾಯಿ ಇತ್ತು. ಸ್ನೇಹಸ್ವಭಾವದ್ದು, ಆದರೆ ಕುರಿಯನ್ನು ದಿಟ್ಟಿಸಿ ಹಿಡಿದು ನಿಲ್ಲಿಸುವ ಕಸುವು ಕಡಿಮೆ. ಮೆಗ್ ಎಂಬ ಹೆಣ್ಣು ಇದಕ್ಕೆ ತದ್ವಿರುದ್ಧ. ಅಂಜುಬುರುಕಿ, ಆದರೆ ದೃಷ್ಟಿ ಎಷ್ಟು ಬಲವಾಗಿತ್ತೆಂದರೆ ಕುರಿಯನ್ನು ದಿಟ್ಟಿಸುತ್ತ ತಾನೇ ಮೈಮರೆತು ನಿಂತುಬಿಡುತ್ತಿತ್ತು. ಟೆಲ್ಫರ್ ಇವೆರಡನ್ನೂ ಕೂಡಿಸಿದ. 1893ರ ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಮರಿ ಹೆಂಪ್. ಅದು ಬೊಗಳದೆ, ಗದ್ದಲವಿಲ್ಲದೆ ಕೆಲಸ ಮಾಡುತ್ತಿತ್ತು. ಕುರಿಯ ಮುಂದೆ ನಿಂತಾಗ ಏಕಾಗ್ರತೆಗೆ ಮೈ ನಡುಗುತ್ತಿತ್ತಂತೆ. 1901ರಲ್ಲಿ ಸಾಯುವ ಹೊತ್ತಿಗೆ ಇನ್ನೂರಕ್ಕೂ ಹೆಚ್ಚು ಮರಿಗಳಿಗೆ ತಂದೆಯಾಗಿತ್ತು. ಇವತ್ತು ಬಾರ್ಡರ್ ಕಾಲಿ ಎಂದು ಕರೆಯುವ ತಳಿಯ ಬಹುಪಾಲು ನಾಯಿಗಳ ವಂಶ ಹಿಡಿದು ಹೊರಟರೆ ಹೆಂಪ್‌ ಸಿಗುತ್ತದೆ.

ಟೆಲ್ಫರ್‌ನ ಎದುರಿಗೆ ಇದ್ದದ್ದು ಎರಡು ತಳಿಗಳಲ್ಲ. ಬೇರೆ ಬೇರೆ ಗುಣದ ಎರಡು ನಾಯಿಗಳು, ಅವೆರಡರಲ್ಲೂ ಒಂದೊಂದು ಊನ. ತಾಳ್ಮೆಯನ್ನು ಒಂದರಿಂದ, ಬಿಗಿಯನ್ನು ಇನ್ನೊಂದರಿಂದ ತೆಗೆದುಕೊಂಡ. 1906ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕುರಿನಾಯಿ ಸಂಘವೂ ಬಹುಪಾಲು ಇದೇ ಬಗೆಯಲ್ಲಿ ನಡೆದುಬಂತು. ವಂಶಾವಳಿ ಗೊತ್ತಿಲ್ಲದ ನಾಯಿಯಾದರೂ ಕೆಲಸದಲ್ಲಿ ಮೇಲು ಎಂದು ಕಂಡರೆ ದಾಖಲೆಗೆ ಸೇರಿಸಿಕೊಳ್ಳುವ ಬಾಗಿಲು ಅಲ್ಲಿದೆ. ಬ್ರಿಟನ್ನಿನ ಕೆನಲ್ ಕ್ಲಬ್ ಬಾರ್ಡರ್ ಕಾಲಿಯನ್ನು ತಳಿಯೆಂದು ಒಪ್ಪಿದ್ದು 1976ರಲ್ಲಿ. 1995ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಅದೇ ಹೆಜ್ಜೆ ಇಟ್ಟಾಗ ಕುರಿ ಕಾಯಿಸುವವರೇ ತಿರುಗಿಬಿದ್ದರು. ರೂಪ ನೋಡಿ ಆರಿಸತೊಡಗಿದರೆ ನೂರು ವರ್ಷ ಕಾಪಾಡಿದ ಗುಣ ಸೋರಿಹೋಗುತ್ತದೆಂಬುದು ಅವರ ಭಯ. ಆ ಭಯಕ್ಕೆ ಆಧಾರ ಇಲ್ಲದಿರಲಿಲ್ಲ.

ಬುಲ್‌ಡಾಗ್ ಅವರ ಕಣ್ಣೆದುರಿಗೇ ಇತ್ತು. ಗೂಳಿಯನ್ನು ಕಟ್ಟಿಹಾಕಿ ಅದರ ಮೂತಿಗೆ ನಾಯಿಯನ್ನು ಛೂ ಬಿಡುವ ಆಟಕ್ಕೆಂದು ಬೆಳೆಸಿದ ನಾಯಿ ಅದು. 1835ರಲ್ಲಿ ಬ್ರಿಟಿಷ್ ಸಂಸತ್ತು ಪ್ರಾಣಿಹಿಂಸೆ ತಡೆ ಕಾಯ್ದೆ ತಂದು ಆ ಆಟ ನಿಲ್ಲಿಸಿತು. ಕಸುಬು ಹೋದ ನಾಯಿಯನ್ನು ಪ್ರದರ್ಶನದವರು ಎತ್ತಿಕೊಂಡರು. 1859ರಲ್ಲಿ ನ್ಯೂಕ್ಯಾಸಲ್‌ನಲ್ಲಿ ಮೊದಲ ದೊಡ್ಡ ಶ್ವಾನಪ್ರದರ್ಶನ ನಡೆದಿತ್ತು; 1875ರಲ್ಲಿ ಬುಲ್‌ಡಾಗ್ ಕ್ಲಬ್ ಬಂತು. ಗೂಳಿಗೆ ಹೆದರದ ನಾಯಿ ಕೆಲವೇ ತಲೆಮಾರುಗಳಲ್ಲಿ ಸೋಫಾದ ಮೇಲೆ ಗೊರಕೆ ಹೊಡೆಯುವ ಶಾಂತಮೂರ್ತಿಯಾಯಿತು, ಮೂತಿ ಒಳಸೇರಿ ಉಸಿರಾಟಕ್ಕೂ ಕಷ್ಟಪಡುವಂತಾಯಿತು. ಹುಟ್ಟುಗುಣ ಸುಟ್ಟರೆ ಹೋಗದಿರಬಹುದು. ಆರಿಸುವವರು ಬೇರೆಯದನ್ನು ಆರಿಸತೊಡಗಿದರೆ ಮಾತ್ರ ಹೋಗಿಯೇ ಹೋಗುತ್ತದೆ.

ಕುರಿನಾಯಿಯ ಆ ದಿಟ್ಟಿಯೊಳಗೆ ಏನಿದೆ ಎಂಬುದನ್ನು ಚೆನ್ನಾಗಿ ಬಿಡಿಸಿ ಹೇಳಿದವರು ಅಮೆರಿಕದ ಜೀವವಿಜ್ಞಾನಿ ರೇಮಂಡ್ ಕಾಪಿಂಜರ್. ತೋಳದ ಬೇಟೆ ಒಂದು ಸರಣಿ: ಹುಡುಕುವುದು, ದಿಟ್ಟಿಸುವುದು, ಹೊಂಚುತ್ತ ಸಾಗುವುದು, ಅಟ್ಟುವುದು, ಕಚ್ಚುವುದು, ಕೊಲ್ಲುವುದು. ಬಾರ್ಡರ್ ಕಾಲಿಯಲ್ಲಿ ದಿಟ್ಟಿಸುವುದು, ಹೊಂಚುವುದು, ಅಟ್ಟುವುದು ಹಿಗ್ಗಿವೆ. ಕಚ್ಚುವುದು, ಕೊಲ್ಲುವುದು ಕುಗ್ಗಿವೆ. ಬೇಟೆಗಾರನ ಹಕ್ಕಿಯನ್ನು ನಜ್ಜುಗುಜ್ಜು ಮಾಡದೆ ಬಾಯಲ್ಲಿ ಹಿಡಿದು ತರುವ ಲ್ಯಾಬ್ರಡಾರ್‌ಗೆ ಕಚ್ಚಿಹಿಡಿಯುವ ಕೊಂಡಿ ಉಳಿದಿದೆ, ಅದೂ ಮೆತ್ತಗೆ. ಹಿಂಡು ಕಾಯುವ ನಾಯಿಯಲ್ಲಿ ಸರಣಿ ಹೆಚ್ಚುಕಮ್ಮಿ ಮಲಗಿಯೇ ಇರುತ್ತದೆ. ಮರಿಯಿದ್ದಾಗಲೇ ಕುರಿಯ ಜೊತೆ ಬೆಳೆದರೆ ಕುರಿಯೇ ಅದಕ್ಕೆ ಬಳಗ. ನಗರದ ಮನೆಯೊಂದರಲ್ಲಿ ಬಾರ್ಡರ್ ಕಾಲಿ ಓಡಾಡುವ ಮಕ್ಕಳನ್ನು ಸುತ್ತುವರಿದು ಮೂಲೆಗೆ ಒತ್ತರಿಸುತ್ತಿದ್ದರೆ ಅದಕ್ಕೆ ಕೊಬ್ಬು ಎಂದು ಬೈಯುವವರಿದ್ದಾರೆ. ಅದು ಮಾಡುತ್ತಿರುವುದು ಕುರಿಯಿಲ್ಲದ ಕಡೆ ಕುರಿಕೆಲಸ, ಅಷ್ಟೇ.

ಗುಣವನ್ನು ಪ್ರಯೋಗಶಾಲೆಗೆ ಮೊದಲು ತಂದವರಲ್ಲಿ ರಷ್ಯದ ವಿಜ್ಞಾನಿ ಪಾವ್ಲೋವ್ ಒಬ್ಬರು. 1924ರ ಸೆಪ್ಟೆಂಬರ್‌ನಲ್ಲಿ ಲೆನಿನ್‌ಗ್ರಾಡ್‌ಗೆ ನೆರೆ ನುಗ್ಗಿ ಅವರ ಗೂಡುಗಳಲ್ಲಿದ್ದ ನಾಯಿಗಳು ಮುಳುಗುವ ಹಂತಕ್ಕೆ ಬಂದಿದ್ದವು. ಉಳಿದುಕೊಂಡವುಗಳಲ್ಲಿ ಕೆಲವು ಕಲಿತದ್ದನ್ನೆಲ್ಲ ಮರೆತು ಕಂಗಾಲಾದವು, ಕೆಲವು ಏನೂ ಆಗದಂತೆ ಕೆಲಸಕ್ಕೆ ಮರಳಿದವು. ಒಂದೇ ಆಘಾತಕ್ಕೆ ಬೇರೆ ಬೇರೆ ನಾಯಿ ಬೇರೆ ಬೇರೆಯಾಗಿ ನಡೆದುಕೊಳ್ಳುವುದು ಪಾವ್ಲೋವ್‌ಗೆ ನರಮಂಡಲದ ಬಲಾಬಲದ ಪ್ರಶ್ನೆಯಾಯಿತು. ಅದರಲ್ಲಿ ತಳಿಯ ಪಾಲೆಷ್ಟು, ಸಾಕಿದ ರೀತಿಯ ಪಾಲೆಷ್ಟು ಎಂದು ಪಟ್ಟು ಹಿಡಿದು ಕೇಳಿದವರು ಅಮೆರಿಕದ ಮೇನ್ ರಾಜ್ಯದಲ್ಲಿದ್ದರು.

ಬಾರ್ ಹಾರ್ಬರ್ ಎಂಬ ಕಡಲದಂಡೆಯ ಊರಿನ ಜಾಕ್ಸನ್ ಪ್ರಯೋಗಾಲಯಕ್ಕೆ ಜಾನ್ ಪಾಲ್ ಸ್ಕಾಟ್ 1945ರಲ್ಲಿ ಬಂದರು. ಎರಡು ವರ್ಷದ ನಂತರ ಜಾನ್ ಫುಲ್ಲರ್ ಜೊತೆಯಾದರು. ಹಣ ಕೊಟ್ಟದ್ದು ರಾಕ್‌ಫೆಲರ್ ಪ್ರತಿಷ್ಠಾನ. ಇಬ್ಬರೂ ಐದು ತಳಿ ಆರಿಸಿಕೊಂಡರು. ಕಾಂಗೋ ಕಡೆಯ, ಬೊಗಳುವುದೇ ಅಪರೂಪವಾದ ಬಸೆಂಜಿ, ಮೊಲದ ಬೇಟೆಯ ಬೀಗಲ್, ಹಕ್ಕಿಬೇಟೆಯ ಕಾಕರ್ ಸ್ಪಾನಿಯಲ್, ಶೆಟ್ಲಂಡ್ ಕುರಿನಾಯಿ, ನರಿಯ ಬಿಲಕ್ಕೆ ನುಗ್ಗುವ ಫಾಕ್ಸ್ ಟೆರಿಯರ್. ಎಲ್ಲ ಮರಿಗಳಿಗೂ ಒಂದೇ ಬಗೆಯ ಗೂಡು, ಒಂದೇ ಬಗೆಯ ಆರೈಕೆ, ಒಂದೇ ವಯಸ್ಸಿಗೆ ಒಂದೇ ಪರೀಕ್ಷೆ. ಬಸೆಂಜಿ ಮತ್ತು ಕಾಕರ್‌ಗಳನ್ನು ಕೂಡಿಸಿ ಹುಟ್ಟಿದ ಬೆರಕೆ ಮರಿಗಳನ್ನೂ ಹಾಗೇ ಬೆಳೆಸಿದರು. ಹತ್ತು ವರ್ಷ ಮೀರಿ ನಡೆದ ಈ ಕೆಲಸದ ಫಲ 1965ರಲ್ಲಿ ದಪ್ಪ ಪುಸ್ತಕವಾಗಿ ಬಂತು.

ತಳಿತಳಿಗೆ ವ್ಯತ್ಯಾಸ ಇದ್ದದ್ದು ನಿಜ. ಕೊರಳಿಗೆ ಹಗ್ಗ ಕಟ್ಟಿ ನಡೆಸಿದರೆ ಬಸೆಂಜಿ ಹಗ್ಗದ ಜೊತೆ ಗುದ್ದಾಡುತ್ತಿತ್ತು, ಬೀಗಲ್ ಗೋಳಾಡುತ್ತಿತ್ತು, ಶೆಟ್ಲಂಡ್ ನಾಯಿ ನಡೆಸುವವನ ಕಾಲಿಗೇ ಸುತ್ತಿಕೊಳ್ಳುತ್ತಿತ್ತು. ತೂಕ ನೋಡುವ ತಕ್ಕಡಿಯ ಮೇಲೆ ಕಾಕರ್ ಮರಿಗಳನ್ನು ಅಲುಗದೆ ಕೂರಿಸುವುದು ಸುಲಭ. ಬೇಟೆಗಾರನ ಮುಂದೆ ಮೈ ತಗ್ಗಿಸಿ ಕೂರುತ್ತಿದ್ದ ನಾಯಿಗಳ ಸಂತಾನ ಅದು. ಫಾಕ್ಸ್ ಟೆರಿಯರ್ ಮರಿಗಳು ಏಳನೇ ವಾರದ ಹೊತ್ತಿಗೆ ಗುಂಪುಗೂಡಿ ಒಡಹುಟ್ಟಿದ ಒಂದರ ಮೇಲೇ ಎರಗುತ್ತಿದ್ದವು. ಒಂದೇ ಸೂಲಿನ ಮರಿಗಳನ್ನು ಬೇರೆ ಬೇರೆ ಇಡಬೇಕಾಯಿತು. ಆದರೆ ಯಾವ ತಳಿಯೂ ಎಲ್ಲ ಪರೀಕ್ಷೆಯಲ್ಲಿ ಮುಂದೆ ಬರಲಿಲ್ಲ. ಬುದ್ಧಿಯಲ್ಲಿ ಒಂದು ತಳಿ ಮೇಲು, ಇನ್ನೊಂದು ಕೀಳು ಎನ್ನುವ ಮಾತಿಗೆ ಅಲ್ಲಿ ಪುರಾವೆ ಸಿಗಲಿಲ್ಲ. ಒಂದು ಮರಿ ಪರೀಕ್ಷೆಯಲ್ಲಿ ಸೋತದ್ದು ಹೆಚ್ಚಾಗಿ ಹೆದರಿಕೆಯಿಂದ, ಇಲ್ಲವೇ ಆಸಕ್ತಿ ಸಾಲದೆ. ಜೊತೆಗೆ ಒಂದೇ ತಳಿಯೊಳಗೆ ಮರಿಯಿಂದ ಮರಿಗೆ ಕಂಡ ಅಂತರವೂ ಸಣ್ಣದಿರಲಿಲ್ಲ.

ಅಲ್ಲಿಯೇ ಡೇನಿಯಲ್ ಫ್ರೀಡ್‌ಮನ್ ನಡೆಸಿದ ಒಂದು ಪ್ರಯೋಗ 1958ರಲ್ಲಿ ಪ್ರಕಟವಾಯಿತು. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಾಲ್ಕು ತಳಿಗಳ ಮರಿಗಳನ್ನು ಮೂರರಿಂದ ಎಂಟನೇ ವಾರದವರೆಗೆ ಎರಡು ಬಗೆಯಲ್ಲಿ ಬೆಳೆಸಿದರು. ಅರ್ಧ ಮರಿಗಳಿಗೆ ಮುದ್ದು, ಆಟ, ಎಲ್ಲಕ್ಕೂ ಸಲುಗೆ. ಉಳಿದರ್ಧಕ್ಕೆ ಶಿಸ್ತು: ಕೂರು, ನಿಲ್ಲು, ಬಾ. ಎಂಟನೇ ವಾರದಲ್ಲಿ ಪ್ರತಿ ಮರಿಯ ಮುಂದೆಯೂ ಮಾಂಸದ ಬಟ್ಟಲಿಟ್ಟು, ಬಾಯಿ ಹಾಕಿದೊಡನೆ ಬೇಡವೆಂದು ಗದರಿ, ಮಡಿಸಿದ ಪತ್ರಿಕೆಯಿಂದ ಹಿಂಭಾಗಕ್ಕೆ ಒಂದೇಟು. ಮೂರು ನಿಮಿಷದ ಮೇಲೆ ಮನುಷ್ಯ ಕೋಣೆಯಿಂದ ಆಚೆ ಹೋಗುತ್ತಾನೆ. ಮರಿ ಎಷ್ಟು ಹೊತ್ತಿಗೆ ತಿನ್ನುತ್ತದೆ?

ಬಸೆಂಜಿ ಮರಿಗಳು, ಮುದ್ದಿನವಾಗಲಿ ಶಿಸ್ತಿನವಾಗಲಿ, ಮನುಷ್ಯ ಹೋದದ್ದೇ ತಡ ತಿಂದುಬಿಟ್ಟವು. ಶೆಟ್ಲಂಡ್ ಮರಿಗಳು ದಿನಗಟ್ಟಲೆ ಪರೀಕ್ಷೆ ನಡೆದರೂ ಬಟ್ಟಲು ಮುಟ್ಟಲಿಲ್ಲ. ಅಲ್ಲೂ ಸಾಕಿದ ಬಗೆಯಿಂದ ವ್ಯತ್ಯಾಸವಾಗಲಿಲ್ಲ. ಬೀಗಲ್ ಮತ್ತು ಫಾಕ್ಸ್ ಟೆರಿಯರ್‌ಗಳಲ್ಲಿ ಮಾತ್ರ ಸಾಕಿದ ಬಗೆ ಎದ್ದು ಕಂಡಿತು. ಅದೂ ಎಲ್ಲರ ಎಣಿಕೆಗೆ ಉಲ್ಟಾ: ಮುದ್ದಿನಿಂದ ಬೆಳೆದ ಮರಿಗಳೇ ಗದರಿಕೆಯನ್ನು ಹೆಚ್ಚು ಮನಸ್ಸಿಗೆ ಹಚ್ಚಿಕೊಂಡು ತಿನ್ನದೆ ಕಾದವು. ಕೆಲವು ತಳಿಗೆ ಸಾಕಣೆ ಬಹಳ ಮುಖ್ಯ, ಕೆಲವಕ್ಕೆ ಅಷ್ಟಿಲ್ಲ. ತಳಿ ಮತ್ತು ಸಾಕಣೆ ಒಂದಕ್ಕೊಂದು ಹೆಣೆದುಕೊಂಡೇ ಕೆಲಸ ಮಾಡುತ್ತವೆ ಎಂಬುದಕ್ಕೆ ಇಷ್ಟು ಚೊಕ್ಕವಾದ ಸಾಕ್ಷಿ ಇನ್ನೊಂದು ಸಿಗುವುದು ಕಷ್ಟ. ಮನೆಗೆ ಮರಿ ತಂದವರಿಗೆ ಒಂದೇ ಮಂತ್ರ ಎಲ್ಲ ನಾಯಿಗೂ ಸಾಕೆಂದು ಹೇಳುವ ತರಬೇತುದಾರರು ಇದನ್ನು ಓದಬೇಕು.

ಬಾರ್ ಹಾರ್ಬರ್‌ನಿಂದ ಬಂದ ಇನ್ನೊಂದು ತಿಳಿವಳಿಕೆಯೇ ಬಹುಶಃ ಹೆಚ್ಚು ಜೀವಗಳಿಗೆ ಉಪಕಾರ ಮಾಡಿತು. ಎತ್ತರದ ಬೇಲಿಯ ಬಯಲೊಂದರಲ್ಲಿ ಮನುಷ್ಯಸ್ಪರ್ಶವಿಲ್ಲದೆ ಕಾಕರ್, ಬೀಗಲ್ ಮರಿಗಳನ್ನು ಬೆಳೆಸಿ, ಬೇರೆ ಬೇರೆ ವಯಸ್ಸಿಗೆ ಒಂದೊಂದು ವಾರ ಮಾತ್ರ ಒಳಗೆ ತಂದು ಒಡನಾಡಿದರು. 14ನೇ ವಾರದವರೆಗೆ ಮನುಷ್ಯರ ಒಡನಾಟವೇ ಸಿಗದೆ ಉಳಿದ ಮರಿಗಳು ಕಾಡುಪ್ರಾಣಿಯಂತಾಗಿದ್ದವು. ಸಾಧುವೆಂದು ಹೆಸರಾದ ತಳಿಯ ಮರಿಗಳು ಇವು ಎಂಬುದನ್ನು ಮರೆಯಬಾರದು. ಸುಮಾರು 3ರಿಂದ 12ನೇ ವಾರದ ನಡುವಿನ ದಿನಗಳಲ್ಲಿ ಮರಿ ಯಾರನ್ನು ಕಂಡು, ಯಾರ ಕೈಯಲ್ಲಿ ಆಡುತ್ತದೋ ಅವರು ಅದಕ್ಕೆ ಲೋಕ. ಕ್ಯಾಲಿಫೋರ್ನಿಯದ ಸ್ಯಾನ್ ರಫೆಲ್‌ನಲ್ಲಿ ಅಂಧರಿಗೆ ದಾರಿತೋರುವ ನಾಯಿಗಳನ್ನು ಸಿದ್ಧಪಡಿಸುತ್ತಿದ್ದ ಕ್ಲಾರೆನ್ಸ್ ಫಾಫೆನ್‌ಬರ್ಗರ್ ಸ್ಕಾಟ್ ಅವರ ನೆರವು ಪಡೆದರು. ಅಲ್ಲಿ 1946ರಲ್ಲಿ ತರಬೇತಿಗೆ ಸೇರಿದ ನಾಯಿಗಳಲ್ಲಿ ನೂರಕ್ಕೆ 9 ಮಾತ್ರ ತೇರ್ಗಡೆಯಾಗುತ್ತಿದ್ದವು. ಮರಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಗೂಡಿನಲ್ಲಿ ಕೊಳೆಯಲು ಬಿಡದೆ ಸರಿಯಾದ ವಯಸ್ಸಿಗೆ ಮನೆಗಳಿಗೆ ಕಳಿಸಿ ಬೆಳೆಸತೊಡಗಿದ ಮೇಲೆ, 1958ರ ಹೊತ್ತಿಗೆ ಅದು 90 ಆಯಿತು.

ಆಮೇಲೆ ವಂಶವಾಹಿ ಓದುವ ಯಂತ್ರಗಳ ಕಾಲ ಬಂತು. 2022ರ ಏಪ್ರಿಲ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಅಮೆರಿಕದ ಎಲಿನಾರ್ ಕಾರ್ಲ್ಸನ್ ಅವರ ತಂಡ ತನ್ನ ಲೆಕ್ಕ ಮುಂದಿಟ್ಟಿತು. 18,385 ನಾಯಿಗಳ ಸ್ವಭಾವದ ಬಗ್ಗೆ ಸಾಕಿದವರು ಉತ್ತರಿಸಿದ್ದರು. 2,155 ನಾಯಿಗಳ ಡಿಎನ್‌ಎ ಓದಲಾಗಿತ್ತು. ನಾಯಿ ನಾಯಿಗಳ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ನೂರಕ್ಕೆ 9. ಹೇಳಿದ ಮಾತು ಕೇಳುವ ಗುಣದಲ್ಲಿ ತಳಿಯ ಪಾಲು ಹೆಚ್ಚು ಕಂಡಿತು. ಎಷ್ಟು ಬೇಗ ಸಿಟ್ಟಿಗೇಳುತ್ತದೆ ಎಂಬುದರಲ್ಲಿ, ಅಂದರೆ ಜನ ತಳಿಯ ಹೆಸರು ಕೇಳಿ ಹೆದರುವ ವಿಷಯದಲ್ಲೇ, ತಳಿ ಹೇಳಿದ್ದು ಬಹಳ ಕಡಿಮೆ. ಊಳಿಡುವುದು ಅಪರೂಪ ಎನ್ನುವ ಲ್ಯಾಬ್ರಡಾರ್‌ಗಳಲ್ಲೂ ನೂರಕ್ಕೆ 8 ಒಮ್ಮೊಮ್ಮೆ ಊಳಿಡುತ್ತವೆಂದು ಸಾಕಿದವರು ಹೇಳಿದ್ದರು. ತಳಿಯ ಚರಿತ್ರೆ ಸುಳ್ಳೆಂದು ಇದರ ಅರ್ಥವಲ್ಲ. ಹಿರಿಯರ ಕಸುಬು ಯಾವ ಕಡೆಗೆ ವಾಲಿಸಬಹುದೆಂದು ಅದು ತಿಳಿಸುತ್ತದೆ. ಎದುರಿಗೆ ನಿಂತ ನಾಯಿ ಎಂಥದ್ದೆಂದು ತಿಳಿಯಲು ಅದನ್ನೇ ನೋಡಬೇಕು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಮುಧೋಳಕ್ಕೆ ಬಂದರೆ ನಮ್ಮದೇ ನಾಯಿಯನ್ನು ನಾವು ಎಷ್ಟು ಅರ್ಥಮಾಡಿಕೊಂಡಿದ್ದೇವೆಂದು ತಿಳಿಯುತ್ತದೆ. ಘಟಪ್ರಭೆಯ ಸೀಮೆ, ಕವಿ ರನ್ನನ ಊರು, 1948ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನ. ಬೇಡರ ಬಳಿಯಿದ್ದ ಬೇಟೆನಾಯಿಗಳನ್ನು ಕಂಡು ಮೆಚ್ಚಿದ ರಾಜಾ ಮಾಲೋಜಿರಾವ್ ಘೋರ್ಪಡೆ ಅವನ್ನು ಆರಿಸಿ ಬೆಳೆಸಿದರು, ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರು ಎಂದು ಆ ಸೀಮೆಯ ಜನ ಹೇಳುತ್ತ ಬಂದಿದ್ದಾರೆ. ಚೂಪು ಮೂತಿ, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ, ನೀಳ ಕಾಲು. ನಾಗಾಲೋಟದಲ್ಲಿ ಮೈ ಚಾಚಿದಾಗ ಒಮ್ಮೆ, ಮುದುಡಿದಾಗ ಇನ್ನೊಮ್ಮೆ, ನಾಲ್ಕೂ ಕಾಲು ನೆಲ ಬಿಡುತ್ತವೆ. ವಾಸನೆ ಹಿಡಿದು ಅಲೆಯುವುದಕ್ಕಿಂತ ಕಣ್ಣಿಂದ ಕಂಡು ಬೆನ್ನಟ್ಟುವುದು ಇದರ ಕಸುಬು.

ಎರೆಹೊಲದಲ್ಲಿ ಮೊಲ ಎದ್ದ ಕ್ಷಣಕ್ಕೆ ಬೇಟೆಗಾರ ಎಷ್ಟು ಕೂಗಿದರೂ ಪ್ರಯೋಜನವಿಲ್ಲ. ಆ ಓಟದಲ್ಲಿ ಎತ್ತ ತಿರುಗಬೇಕು, ಎಲ್ಲಿ ಅಡ್ಡಹಾಕಬೇಕು ಎಂಬುದನ್ನೆಲ್ಲ ನಾಯಿಯೇ ನಿರ್ಧರಿಸಬೇಕು. ಹಾಗೆ ತಲೆಮಾರುಗಟ್ಟಲೆ ತನ್ನ ತೀರ್ಮಾನ ತಾನೇ ಮಾಡಿಕೊಂಡು ಬಂದ ನಾಯಿ, ಒಡೆಯನ ಮುಖ ನೋಡುತ್ತ ಮುಂದಿನ ಅಪ್ಪಣೆಗೆ ಕಾಯುವ ಜರ್ಮನ್ ಶೆಫರ್ಡ್‌ನಂತೆ ನಡೆದುಕೊಳ್ಳಲಿಲ್ಲವೆಂದು ದೂರುವುದು ಅನ್ಯಾಯ. ಮುಧೋಳ ನಾಯಿಗೆ ಅಪರಿಚಿತರು ಮೈ ಮುಟ್ಟಿದರೆ ಹಿಡಿಸುವುದಿಲ್ಲ. ತಟಕ್ಕನೆ ಬೆಚ್ಚುತ್ತದೆ, ಒರಟು ಕೈಗೆ ಮುದುಡಿಕೊಳ್ಳುತ್ತದೆ, ಮನೆಯವರಿಗೆ ಮಾತ್ರ ಅಂಟಿಕೊಳ್ಳುತ್ತದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ಬೇಟೆಯ ಜೊತೆ ಈ ನಾಯಿಯ ಕೆಲಸವೂ ಹೋಯಿತು. ಓಡುವ ಹುಕಿ ಉಳಿಯಿತು. ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅದನ್ನು ದಿನಪೂರ್ತಿ ಕಟ್ಟಿಹಾಕಿ, ಸಂಜೆ ಎಳೆದುಕೊಂಡು ಹೋದಾಗ ಬೀದಿಬೆಕ್ಕಿನ ಹಿಂದೆ ನುಗ್ಗಿತೆಂದು ಹೊಡೆಯುವುದನ್ನು ನೋಡಿದರೆ ಸಂಕಟವಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಸರ್ಕಾರಗಳು ಇದರ ಕಡೆ ಗಮನ ಹರಿಸಿವೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ನಡೆಯುತ್ತಿದೆ. ಸುತ್ತಲಿನ ಊರುಗಳಲ್ಲಿ ಮರಿ ಬೆಳೆಸಿ ಮಾರುವುದು ಹಲವು ಕುಟುಂಬಗಳ ಜೀವನೋಪಾಯ. 2016ರಲ್ಲಿ ಮರಿಗಳು ಸೇನೆಯ ಮೀರತ್ ತರಬೇತಿ ಕೇಂದ್ರಕ್ಕೆ ಹೋದವು. 2021ರಲ್ಲಿ ವಾಯುಪಡೆ ಆಗ್ರಾ ನೆಲೆಯ ರನ್‌ವೇಯಿಂದ ಹಕ್ಕಿಗಳನ್ನು ಓಡಿಸಲು ಇವನ್ನು ಕೇಳಿ ಪಡೆಯಿತು. ಕಣ್ಣಿಗೆ ಬಿದ್ದದ್ದನ್ನು ಅಟ್ಟುವ ನಾಯಿಗೆ ಅದಕ್ಕಿಂತ ಒಪ್ಪುವ ಸರ್ಕಾರಿ ನೌಕರಿ ಇರಲಾರದು. ಆದರೆ 2024ರಲ್ಲಿ ಲಖನೌದ ಅಖಿಲ ಭಾರತ ಪೊಲೀಸ್ ಸ್ಪರ್ಧೆಯಲ್ಲಿ ಗಡಿ ಭದ್ರತಾ ಪಡೆಯ ಮುಧೋಳ ನಾಯಿ ರಿಯಾ ವಿದೇಶಿ ತಳಿಗಳನ್ನು ಹಿಂದಿಕ್ಕಿ ಮೊದಲ ಬಹುಮಾನ ಪಡೆದದ್ದು ಸುಳಿವು ಹಿಡಿಯುವ ಕೆಲಸದಲ್ಲಿ. ಕಣ್ಣಿನ ನಾಯಿ ಮೂಗಿನ ಕೆಲಸದಲ್ಲಿ ಗೆದ್ದಿತು. ತಳಿಯ ಪುಸ್ತಕ ಓದಿ ರಿಯಾಳನ್ನು ಬದಿಗಿಟ್ಟಿದ್ದರೆ ಆ ಬಹುಮಾನ ಇರುತ್ತಿರಲಿಲ್ಲ.

ಗುಣವನ್ನು ತಳಿಯ ಹೆಸರಿಗೆ ಗಂಟುಹಾಕುವ ರೂಢಿ ಕಾನೂನಿನೊಳಗೂ ಸೇರಿದೆ. ಬ್ರಿಟನ್ 1991ರಲ್ಲಿ ಅಪಾಯಕಾರಿ ನಾಯಿಗಳ ಕಾಯ್ದೆ ತಂದು ಪಿಟ್‌ಬುಲ್, ಜಪಾನಿನ ತೋಸಾ ಮುಂತಾದ ನಾಲ್ಕು ಬಗೆಯನ್ನು ನಿಷೇಧಿಸಿತು. ಅಲ್ಲಿ ಒಂದು ನಾಯಿ ಪಿಟ್‌ಬುಲ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಅದರ ಮೈಯ ಅಳತೆ ತೆಗೆದು. ಅದು ಯಾರನ್ನೂ ಕಚ್ಚಿಲ್ಲದಿದ್ದರೂ ಅಷ್ಟೇ. ಭಾರತದಲ್ಲಿ 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ 23 ತಳಿಗಳನ್ನು ಉಗ್ರವೆಂದು ಹೆಸರಿಸಿ, ಅವುಗಳ ಆಮದು, ಮಾರಾಟ, ಮರಿ ಮಾಡಿಸುವುದನ್ನು ತಡೆಯುವಂತೆ, ಈಗಾಗಲೇ ಮನೆಗಳಲ್ಲಿರುವವಕ್ಕೆ ಸಂತಾನಹರಣ ಮಾಡಿಸುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಕಾಳಗಕ್ಕೆಂದು ಬೆಳೆದ ಪಿಟ್‌ಬುಲ್ ಮತ್ತು ಕುರಿಹಿಂಡು ಕಾಯುವ ಕಂಗಾಲ್, ಅಕ್‌ಬಾಶ್ ಅದರಲ್ಲಿ ಅಕ್ಕಪಕ್ಕ ನಿಂತಿದ್ದವು. ನಾಯಿ ಕಚ್ಚಿ ಮಕ್ಕಳು ಸತ್ತ ಮನೆಗಳ ನೋವು ಸಣ್ಣದಲ್ಲ, ಅದಕ್ಕೆ ಕಾನೂನು ಉತ್ತರ ಕೊಡಲೇಬೇಕು. ಆದರೆ ಆ ಪಟ್ಟಿಯಲ್ಲಿ ಯಾವ ನಾಯಿಯನ್ನು ಯಾರು, ಹೇಗೆ ಬೆಳೆಸಿದರೆಂಬ ಪ್ರಶ್ನೆಗೆ ಜಾಗವಿರಲಿಲ್ಲ.

ಸುತ್ತೋಲೆಯನ್ನು ಪ್ರಶ್ನಿಸಿ ಬೆಂಗಳೂರಿನ ನಾಯಿಪ್ರಿಯರು ಕರ್ನಾಟಕ ಹೈಕೋರ್ಟಿಗೆ ಹೋದರು. 2024ರ ಏಪ್ರಿಲ್ 10ರಂದು ನ್ಯಾಯಾಲಯ ಅದನ್ನು ರದ್ದುಮಾಡಿತು. ಸಂಬಂಧಪಟ್ಟ ಯಾರ ಮಾತನ್ನೂ ಕೇಳದೆ ಹೊರಡಿಸಿದ ಸುತ್ತೋಲೆ ನಿಲ್ಲದು, ಬೇಕಾದರೆ ಎಲ್ಲರ ಅಹವಾಲು ಕೇಳಿ, ಕಾನೂನಿನ ಕ್ರಮ ಹಿಡಿದು ಹೊಸದನ್ನು ಹೊರಡಿಸಬಹುದು ಎಂದಿತು. ಹಾಗೆ ಕರೆದು ಕೇಳುವಾಗ ಕೆನಲ್ ಕ್ಲಬ್ಬಿನವರನ್ನೂ ಪಶುವೈದ್ಯರನ್ನೂ ಕೇಳಬೇಕು. ಮುಧೋಳದ ಸೀಮೆಯಲ್ಲಿ ಮರಿ ಬೆಳೆಸುವವರನ್ನೂ ಕೊಪ್ಪಳದ ಹೊಲಗಳಲ್ಲಿ ಕುರಿ ತರುಬುವವರನ್ನೂ ಕೂರಿಸಿಕೊಂಡು ಕೇಳಬೇಕು.